ಎರಿ ಅಂದ್ಯೋ, ಎರ್ರ ಅಂದ್ಯೋ

ಅಪ್ಪಗ,

ಕೆಂಪು ದಿಬ್ಬದ ಮ್ಯಾಲಿಂದ ನಿನ್ನ ಮಗ ಸಂಗಣ್ಣ ಬರಿಯೋದು. ಇಲ್ಲೆಲ್ಲ ಅರಾಮ ಐತಿ, ಅಲ್ಲಿ ನಿನ್ನ ಅರಾಮ ತಿಳಿಸು ಅಂತ ಮೊದ್ಲ ಬರೀಬೇಕು, ನೀನೇ ಕಲಿಸಿದ್ದಿ. ಆದ್ರ ಕೈ ಮುಂದ ಹೋಗವಲ್ದು. ಅಲ್ಲಿ ಅಂದ್ರ ಎಲ್ಲಿ ಅಪ್ಪಾ? ನೀ ಇರೋದು ನಾ ಕುಂತ ಜಾಗದಿಂದ ಇಪ್ಪತ್ತು ಹೆಜ್ಜಿ ಒಳಗ. ಯಾವ ಕಡಿಗೆ ಇಪ್ಪತ್ತು ಹೆಜ್ಜಿ ಅನ್ನೋದು ಮಾತ್ರ ನನಗ ಗೊತ್ತಿಲ್ಲ. ಮೊದ್ಲೇ ಒಪ್ಕೊಂಡು ಬಿಡ್ತೀನಿ, ಆಮ್ಯಾಲ ಹೇಳಾಕ ಧೈರ್ಯ ಸಾಲಂಗಿಲ್ಲ. ನಿನ್ನ ನಾ ತಪ್ಪು ಜಾಗದಾಗ ಇಟ್ಟೀನಿ.

ಹಿನ್ನೀರಿನ ದಂಡಿಗೆ ಪಾರ್ಕು ಆಗಿ, ಹೈದ್ರಾಬಾದಿನ ಮಂದಿ ಮೊದ್ಲನೇ ಸಲ ಡೇರೆ ಹಾಕಿಸಿದ ದಿನ ನಿನಗ ನೆನಪೈತೇನು? ನೀ ತಲಿಗೆ ಟವೆಲ್ ಸುತ್ಕೊಂಡು ಬೇಲಿ ಹಂತ್ಯಾಕ ನಿಂತು ನೋಡಿದ್ದೇ ನೋಡಿದ್ದು. ಊರು ಮುಳುಗಿದಾಗ ನಮ್ಮನ್ನ ಎಂಟು ತಿಂಗಳು ಡೇರೆದಾಗ ಇಟ್ಟಿದ್ರು, ಅವಾಗ ಒಬ್ಬನೂ ಬಂದು ಫೋಟೋ ತಕ್ಕೊಳ್ಳಲಿಲ್ಲ, ಈಗ ಮೂರು ಅಂತಸ್ತಿನ ಮನಿ ಇದ್ದವರು ಅರಿಬಿ ಒಳಗ ಮಲಗಾಕ ಇಲ್ಲಿತನ ಬಂದಾರಲ್ಲೋ ಅಂತ ನಗತಿದ್ದಿ. ಸಂಜಿಗೆ ಗಾಳಿ ಎದ್ದು ಅವರ ಡೇರೆ ಪಟಪಟ ಹೊಡ್ಕೊಳ್ಳಾಕ ಹತ್ತಿದಾಗ ಮೊದ್ಲು ಓಡಿದವನೂ ನೀನೇ. ಯಾವನೋ ಕಾಲೇಜು ಹುಡುಗ ಹಗ್ಗ ಹಿಡ್ಕೊಂಡು ಜೋತಾಡತಿದ್ದ. ಅವನ ಕೈಯಾಗಿಂದ ಸುತ್ತಿಗಿ ಕಸ್ಕೊಂಡು ಎಲ್ಲಾ ಗೂಟ ಕಿತ್ತಿ, ಮತ್ತ ಹೊಡದಿ. ಮರುದಿನ ಪಾರ್ಕಿನ ಮ್ಯಾನೇಜರ್ ಮನಿಗೆ ಬಂದು ನಿನ್ನ ಕೆಲಸಕ್ಕ ಕರದ. ನೀ ನನ್ನನ್ನೂ ಎಳ್ಕೊಂಡು ಹೋದಿ. ಆವತ್ತಿನಿಂದ ಇವತ್ತಿನ ತನಕ ನಾ ಗೂಟ ಹೊಡ್ಯೋದೇ ಮಾಡೀನಿ.

ಗೂಟ ಕಲಿಸೋವಾಗ ನೀ ಎಷ್ಟು ಬೈದಿ ನನಗ! ನೆಲ ನೋಡದ ಹೊಡೀತಿ, ಕುರುಡ ಏನ್ ನೀ ಅಂತಿದ್ದಿ. ಎರಿ ಅಂದ್ರ ಕರಿ ಮಣ್ಣು, ಬ್ಯಾಸಿಗ್ಯಾಗ ಕಬ್ಬಿಣ, ನಾಕು ಹನಿ ಬಿದ್ರ ಬೆಣ್ಣಿ, ಅದನ್ನ ನಂಬಿ ಡೇರೆ ಹಾಕಬ್ಯಾಡ. ಮಸಾರಿ ಅಂದ್ರ ಕೆಂಪು ಮಣ್ಣು, ಒಂದು ತಂಬಿಗಿ ನೀರು ಹಾಕಿ ತಾಸು ಬಿಟ್ಟು ಹೊಡಿ, ಹಿಡೀತು ಅಂದ್ರ ಆನಿ ಎಳದ್ರೂ ಬಿಡಂಗಿಲ್ಲ. ಇಷ್ಟೇ ನಿನ್ನ ಪಾಠ. ದಿನಾ ಅದೇ. ನಿನ್ನ ಬಾಯಾಗ ನೆಲಕ್ಕ ಎರಡೇ ಹೆಸರು ಇದ್ದವು ಅಪ್ಪಾ, ಎರಿ ಮತ್ತ ಮಸಾರಿ. ಮೂರನೇದು ಇರಲೇ ಇಲ್ಲ. ಅದು ನನಗ ಗೊತ್ತಿತ್ತು. ಗೊತ್ತಿದ್ದೂ ಹಿಂಗಾತು ನೋಡು.

ಲಕ್ವಾ ಹೊಡದು ನಿನ್ನ ಬಲಗಡಿ ಬಿದ್ದು, ಬಾಯಿ ಸೊಟ್ಟ ಆಗಿ, ದವಾಖಾನಿಯವರು ಇನ್ನ ಮನಿಗೆ ಕರ್ಕೊಂಡು ಹೋಗ್ರಿ ಅಂದ ಮ್ಯಾಲ ನೀ ಒಂದೇ ಮಾತು ಕೇಳತಿದ್ದಿ. ನೀರು ಎಲ್ಲಿತನ ಇಳೀತು? ಬೆಳಿಗ್ಗೆ ಅದೇ, ಮಧ್ಯಾಹ್ನ ಅದೇ. ಅರ್ಧ ಮಾತು ಬಾಯಾಗೇ ಉಳೀತಿತ್ತು, ಆದ್ರ ನೀರು ಅನ್ನೋದು ಮಾತ್ರ ಸಾಫ್ ಬರ್ತಿತ್ತು. ನಾ ಅಂದ್ಕೊಂಡೆ, ಅಪ್ಪಗ ಬೋಟಿನ ಚಿಂತಿ, ನೀರು ಇಳದ್ರ ಬೋಟು ಹೊಡ್ಯಾಕ ಬರಂಗಿಲ್ಲ, ಮಂದಿ ಬರಂಗಿಲ್ಲ ಅಂತ. ಇನ್ನೂ ಬಾಳ ಐತಿ ಅಪ್ಪಾ, ಮಂದಿ ಬರ್ತಾರ ಬಿಡು ಅಂತ ಸಮಾಧಾನ ಮಾಡತಿದ್ದೆ. ನಿನ್ನ ಮಾರಿ ಸಣ್ಣದಾಗತಿತ್ತು. ಒಂದಿನ ನಾನೇ ಹೇಳಿದೆ, ಹಳೀ ಊರಿನ ಬಾವಿ ಕಟ್ಟಿ ಕಾಣಾಕ ಹತ್ತೇತಿ, ನಮ್ಮ ಹೊಲದ ಬದುನೂ ಎದ್ದೈತಿ ಅಂತ. ಅವತ್ತು ನೀ ಎರಡು ಚಮಚ ಗಂಜಿ ಕುಡದು ಸಾಕು ಅಂದಿ. ಮೂರನೇ ದಿನಕ್ಕ ಹೋದಿ. ಆ ನೀರಿಗೂ ನೀ ಕಾಯ್ದಿದ್ದಕ್ಕೂ ಸಂಬಂಧ ಐತಿ ಅಂತ ನನ್ನ ಮಂಡ ಬುದ್ಧಿಗೆ ವರ್ಷ ಆದ ಮ್ಯಾಲ ಹೊಳೀತು.

ಹೋಗೋ ಹಿಂದಿನ ದಿನದ್ದು ಬರೀಲೇಬೇಕು. ನಿನ್ನ ಸೊಸಿ ನೀಲಮ್ಮ ನಿನ್ನ ಕಾಲು ಒತ್ತತಿದ್ಲು. ನೀ ಎಡಗೈಲೆ ನನ್ನ ಅಂಗಿ ಹಿಡ್ಕೊಂಡು ಜಗ್ಗಿದಿ. ಬಾಯಿ ಹಂತ್ಯಾಕ ಕಿವಿ ಇಟ್ಟೆ.

"ಎರಿ... ಎರಿಯಾಗ... ಇಡು."

ಅಷ್ಟೇ. ನಾ ಏನು ಕೇಳಿಸ್ಕೊಂಡೆ ಗೊತ್ತೈತೇನು? ಎರ್ರ ಅಂತ. ದಿನಾ ಬೆಳಗಾದ್ರ ತೆಲುಗುದಾಗೇ ಬದುಕತೀನಿ ಅಪ್ಪಾ, ಹೈದ್ರಾಬಾದಿನವರು, ಕರ್ನೂಲಿನವರು, ಮ್ಯಾನೇಜರು, ಬೋಟಿನವರು ಎಲ್ಲಾರ ಜೋಡಿನೂ ತೆಲುಗು. ಕೆಂಪು ಡೇರೆ ತಾ ಅನ್ನೋದಕ್ಕ ಎರ್ರ ಟೆಂಟ್ ಅಂತಾರ. ಈ ದಿಬ್ಬಕ್ಕ ಎರ್ರ ದಿಬ್ಬ ಅಂತಾರ. ನನ್ನ ಕಿವಿ ಅದಕ್ಕೇ ಪಳಗಿತ್ತು. ಎರ್ರ ದಿಬ್ಬದ ಮ್ಯಾಲ ಇಡ್ಲೇನಪ್ಪಾ ಅಂತ ಕೇಳಿದೆ. ನೀ ತಲಿ ಅಲ್ಲಾಡಿಸಿದಿ. ಮ್ಯಾಲ ಕೆಳಗ ಅಲ್ಲಾಡಿಸಿದ್ಯೋ, ಅತ್ತಾಗ ಇತ್ತಾಗ ಅಲ್ಲಾಡಿಸಿದ್ಯೋ... ನಾ ಸರ್ಯಾಗಿ ನೋಡ್ಲಿಲ್ಲ. ಕಣ್ಣಾಗ ನೀರು ಬಂದಿತ್ತು, ಒರಸ್ಕೊಳ್ಳಾಕ ಆ ಕಡಿ ತಿರುಗಿದ್ದೆ. ಅವತ್ತು ಒಂದು ಗಳಿಗಿ ಅಳೋದು ಬಿಟ್ಟು ನಿನ್ನ ಮಾರಿ ನೋಡಿದ್ರ ಏನ್ ಹೋಗತಿತ್ತು ನನಗ?

ಮಣ್ಣಿಗೆ ಇಟ್ಟ ದಿನ ದಿಬ್ಬ ಖಾಲಿ ಇತ್ತು, ನಾಕು ಆಡು ಮೇಯತಿದ್ದವು, ಯಾರದೂ ತಕರಾರಿಲ್ಲ. ಪದ್ಧತಿ ಪ್ರಕಾರ ತಗ್ಗು ತೋಡಿ, ಇಬತ್ತಿ ಹಚ್ಚಿ, ಪತ್ರಿ ಹಾಕಿ, ನಿನ್ನ ಕುಂದ್ರಿಸಿ ಮಣ್ಣು ಕೊಟ್ವಿ. ಕೆಂಪು ಮಣ್ಣು. ನಿನ್ನ ಬಿಳಿ ಅಂಗಿ ಮ್ಯಾಲ ಅದು ಬೀಳೋದು ನೋಡಾಕ ಆಗಲಿಲ್ಲ. ನೆತ್ತಿ ಮ್ಯಾಲ ಒಂದು ಉದ್ದನ ಕಲ್ಲು ನಿಲ್ಲಿಸಿ, ವರ್ಷ ತುಂಬಿದ ಮ್ಯಾಲ ಕಟ್ಟಿ ಕಟ್ಟಿಸೋಣು ಅಂತ ಮನಿಗೆ ಬಂದ್ವಿ. ಅಪ್ಪ ಕೇಳಿದ ಜಾಗದಾಗೇ ಇಟ್ಟೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರಗಾಡಿದೆ. ಎಂಥಾ ಮಗ ಅಂತ ಮಂದಿ ಹೊಗಳಿದ್ರು. ನಾನೂ ಉಬ್ಬಿದೆ.

ಮಳಿಗಾಲದಾಗ ನೀಲಮ್ಮನ ಕಣ್ಣಿನ ಆಪರೇಷನ್ನಿಗೆ ಅಂತ ರಾಯಚೂರಿಗೆ ಹೋದವರು ಹತ್ತೊಂಬತ್ತು ದಿನ ಅಲ್ಲೇ ಉಳದ್ವಿ. ವಾಪಸ್ ಬಂದು ನೋಡ್ತೀನಿ, ದಿಬ್ಬಕ್ಕ ತಲೀನೇ ಇಲ್ಲ. ಜೆಸಿಬಿ ಹಚ್ಚಿ ರೊಟ್ಟಿ ತಟ್ಟಿದಂಗ ಸಪಾಟ ಮಾಡಿ, ಮ್ಯಾಲ ಹುಲ್ಲು ಹಾಸಿ, ಸುತ್ತ ಹಗ್ಗ ಕಟ್ಯಾರ. ಡೇರೆಗಳಿಗೆ ಹೊಸಾ ಜಾಗ ಅಂತ. ನಿನ್ನ ಕಲ್ಲು ಎಲ್ಲೈತಿ? ಡ್ರೈವರ್ ಆಗಲೇ ಬ್ಯಾರೆ ಊರಿಗೆ ಹೋಗಿದ್ದ. ದಿಬ್ಬದ ಮ್ಯಾಲ ಸಿಕ್ಕ ಕಲ್ಲೆಲ್ಲ ಆರಿಸಿ, ನಡುವ ಬೆಂಕಿ ಹಾಕಿ ಮಂದಿ ಸುತ್ತ ಕುಂದ್ರಾಕ ಅಂತ ರೌಂಡಾಗಿ ಜೋಡಿಸಿದ್ರು. ಹದಿನಾಲ್ಕು ಕಲ್ಲು ಅದಾವು. ಒಂದೊಂದೂ ಹೊಳ್ಳಿಸಿ ನೋಡಿದೆ. ಇಬತ್ತಿ ಮಳಿಗೆ ತೊಳದು ಹೋಗಿತ್ತು. ಯಾವುದರ ಮ್ಯಾಲೂ ನಿನ್ನ ಗುರ್ತು ಇರಲಿಲ್ಲ.

ಅವಾಗಲೂ ನಾ ಧೈರ್ಯ ತಕ್ಕೊಂಡಿದ್ದೆ ಅಪ್ಪಾ. ಕಲ್ಲು ಹೋದ್ರ ಹೋತು, ಅಪ್ಪ ಬೇಕು ಅಂದ ಜಾಗದಾಗ ಅಂತೂ ಅದಾನ, ಮಂದಿ ನಕ್ಕೋಂತ ಹಾಡ್ಕೋಂತ ಇರ್ತಾರ, ಅವಗೂ ಬ್ಯಾಸರಿಲ್ಲ ಅಂತ. ಆ ಧೈರ್ಯ ನಿನ್ನ ತಂಗಿ ಬರೋತನ ಇತ್ತು. ಮಕ್ತಲ್ ಅತ್ತಿ ನೀ ಹೋದಾಗ ಕಾಲು ಮುರ್ಕೊಂಡು ಮಲಗಿದ್ಲಲ್ಲ, ವರ್ಷದ ಪೂಜಿಗೆ ಕೋಲು ಹಿಡ್ಕೊಂಡು ಬಂದ್ಲು. ನಾರಾಯಣಪೇಟ ಸೀರಿ ಉಟ್ಟು, ಬುತ್ತಿಗೆ ನಿನಗ ಸೇರತಿದ್ದ ಶೇಂಗಾ ಹೋಳಿಗಿ ಕಟ್ಕೊಂಡು. ಕೈ ಹಿಡದು ದಿಬ್ಬ ಹತ್ತಿಸಿ, ಡೇರೆಗಳ ನಡುವ ನಿಲ್ಲಿಸಿ, ಇಲ್ಲೇ ಎಲ್ಲೋ ಅದಾನ ಅತ್ತಿ ಅಂದೆ. ಆಕಿ ನಿಲ್ಲಲಿಲ್ಲ. ಮುಂದ ನಡಿ, ಇನ್ನೂ ಕೆಳಗ ಹೋಗಬೇಕಲ್ಲ ಅಂತ ಕೋಲು ಊರಿ ಹೊಂಟ್ಲು. ಕೆಳಗ ಏನೈತಿ? ನೀರು ಇಳದ ಜಾಗ. ಕರ್ರಗ ಬಿರುಕು ಬಿಟ್ಟ ನಮ್ಮ ಹಳೀ ಹೊಲ, ಊರು ಮುಳುಗೋಕಿಂತ ಮೊದ್ಲು ಅವ್ವನ್ನ ಮಣ್ಣು ಮಾಡಿದ ಬದು.

ಇಲ್ಲತ್ತಿ, ಇಲ್ಲೇ ಇಟ್ಟೀವಿ, ಅಪ್ಪ ಎರ್ರ ದಿಬ್ಬ ಅಂತ ಬಾಯಿಬಿಟ್ಟು ಹೇಳಿದ್ದ ಅಂದೆ. ಆಕಿ ನನ್ನ ಮಾರಿ ನೋಡಿದ್ಲು. ಬೈಯಲಿಲ್ಲ. ಬೈದಿದ್ರ ಚಲೋ ಇತ್ತು.

"ಎರ್ರ ಅಲ್ಲೋ ಸಂಗ್ಯಾ, ಎರಿ. ನಿಮ್ಮವ್ವನ ಬಾಜೂಕ ಕುಂದ್ರತೀನಿ, ನೀರು ಇಳೀಲಿ ಅಂತ ಕಾಯಾಕ ಹತ್ತೀನಿ ಅಂತ ನನಗ ಫೋನಿನ್ಯಾಗ ಹೇಳಿದ್ದ."

ಅಲ್ಲೇ ಹುಲ್ಲಿನ ಮ್ಯಾಲ ಕುಕ್ಕರಿಸಿಬಿಟ್ಟೆ. ಆಜೂಬಾಜೂ ಮಂದಿ ವಾಲಿಬಾಲ್ ಆಡತಿದ್ರು, ಚೆಂಡು ಬಂದು ಹೋಳಿಗಿ ಗಂಟಿಗೆ ಬಡೀತು. ಸಾರಿ ಅಂಕಲ್ ಅಂದ್ರು. ಪರವಾಗಿಲ್ಲ ಅಂತ ಚೆಂಡು ಎತ್ತಿ ಕೊಟ್ಟೆ. ಅತ್ತಿ ಹೋಳಿಗಿ ಬಿಚ್ಚಿ, ಎಲ್ಲಿ ಇಡ್ಲಿ ಅಂತ ಕೇಳಿದ್ಲು. ಎಲ್ಲಿ ಅಂತ ಹೇಳ್ಲಿ? ಆರು ಡೇರೆಗಳ ಮುಂದೂ ಒಂದೊಂದು ಇಟ್ಟು ಕೈ ಮುಗದ್ವಿ. ಐದನೇ ಡೇರೆಯ ಹೆಣ್ಣುಮಗಳು ಪ್ರಸಾದ ಅಂದ್ಕೊಂಡು ಕಣ್ಣಿಗೆ ಒತ್ಕೊಂಡು ತಿಂದ್ಲು.

ಅವತ್ತೇ ಸಂಜಿಗೆ ಮ್ಯಾನೇಜರ್ ಹತ್ರ ಹೋದೆ. ನೀ ಅವನ ಮ್ಯಾಲ ಸಿಟ್ಟು ಮಾಡಬ್ಯಾಡ, ಮನುಷ್ಯ ಕೆಟ್ಟವನಲ್ಲ. ಕೇಳಿದ ಕೂಡ್ಲೇ ಬೂಟು ಬಿಚ್ಚಿ ಬರಿಗಾಲಿಲೆ ನನ್ನ ಜೋಡಿ ದಿಬ್ಬಕ್ಕ ಬಂದ. ನನಗ ಗೊತ್ತೇ ಇರಲಿಲ್ಲ ಸಂಗಣ್ಣ, ಜಾಗ ತೋರ್ಸು, ಅಷ್ಟು ಬಿಟ್ಟು ಸುತ್ತ ಕಟ್ಟಿ ಹಾಕಿಸ್ತೀನಿ ಅಂತ ತೆಲುಗುದಾಗ ಅಂದ. ನಾ ಬೆರಳು ಎತ್ತಿದೆ. ಇಲ್ಲಿ... ಅಲ್ಲಲ್ಲ, ಆ ಬ್ಯಾವಿನ ಗಿಡದ ನೇರಕ್ಕ... ಬ್ಯಾವಿನ ಗಿಡಾನೂ ಕಡದು ಹಾಕಿದ್ರಲ್ಲ. ಮೂರು ಸಲ ತೋರ್ಸಿದೆ, ಮೂರು ಕಡೆ ತೋರ್ಸಿದೆ. ಅವ ಮೂರೂ ಕಡೆ ನಡದು ನೋಡಿದ. ಇಡೀ ದಿಬ್ಬ ಬಿಡಾಕ ನನ್ನ ಕೈಯಾಗಿಲ್ಲ ಅಂದ. ಅವಂದೂ ಖರೇನೇ. ಸ್ವಂತ ಅಪ್ಪನ್ನ ಎಲ್ಲಿ ಇಟ್ಟೆ ಅಂತ ಮಗನಿಗೇ ಗೊತ್ತಿಲ್ಲ ಅಂದ್ರ ಅವ ಏನ್ ಮಾಡ್ಯಾನು?

ಮಠದ ಅಯ್ಯನೋರಿಗೂ ಕೇಳಿದೆ. ಸಿಕ್ಕರ ಎತ್ತಿ ಎರಿಯಾಗ ಇಡಬಹುದೇನ್ರಿ ಅಂತ. ಕುಂದ್ರಿಸಿದವರನ್ನ ಎಬ್ಬಿಸಬಾರದು ತಮ್ಮಾ, ಕರಿ ಏನು ಕೆಂಪು ಏನು, ಮಣ್ಣೆಲ್ಲಾ ಒಂದೇ ಅಂದ್ರು. ಒಂದೇ ಆಗಿದ್ರ ಎರಡು ಹೆಸರು ಯಾಕ ಇಟ್ರು ಅಂತ ಬಾಯಿತನ ಬಂದಿತ್ತು, ನುಂಗಿದೆ. ಅವರಿಗೇನು ಗೊತ್ತು. ಅವರು ಎಂದೂ ಗೂಟ ಹೊಡದಿಲ್ಲ.

ಮೊನ್ನೆ ಶನಿವಾರ ಗದ್ವಾಲಿನ ಒಂದು ಕುಟುಂಬ ಬಂದಿತ್ತು, ಅಜ್ಜ, ಮಗ, ಸೊಸಿ. ಅಜ್ಜ ನಿನ್ನಂಗ ಹಟಮಾರಿ, ಹಾಸಿಗಿ ಇಲ್ಲದ ಮಲಗಂಗಿಲ್ಲ ಅಂತ ಬರೋವಾಗಲೇ ತಕರಾರು. ಬೆಳಿಗ್ಗೆ ನಾ ಚಹಾ ಒಯ್ದ್ರ ಡೇರೆ ಮುಂದ ಕುಂತು ನೀರು ನೋಡತಿದ್ದ. ಹತ್ತು ವರ್ಷದಾಗ ಇಂಥಾ ನಿದ್ದಿ ಬಂದಿಲ್ಲಪ್ಪಾ, ಈ ನೆಲದಾಗ ಏನೋ ಐತಿ ನೋಡು ಅಂದ. ಕಪ್ಪು ಅವನ ಮುಂದ ಇಟ್ಟೆ. ಹೇಳ್ಲೇನು ಅವನಿಗೆ? ಹೇಳಿದ್ರ ಮೈಲಿಗಿ ಅಂತ ಎದ್ದು ಓಡ್ತಾನ, ನಾಳಿಂದ ಒಬ್ಬರೂ ಬರಂಗಿಲ್ಲ, ಬೋಟಿನವರು, ಅಡಗಿಯವರು, ಮಿರ್ಚಿ ಬಂಡಿಯವರು, ಎಲ್ಲಾರ ಒಲಿ ಆರ್ತಾವು. ಹೇಳದಿದ್ರ ನೀ... ಇನ್ನೊಂದು ಕಪ್ಪು ಕೊಡ್ಲೇನ್ರಿ ಅಂತ ಕೇಳಿ ಬಂದೆ.

ಗೂಟ ಹೊಡ್ಯೋವಾಗ ಈಗ ಒಂದು ಮಾತು ಬಾಯಿಗೆ ಅಂಟೇತಿ. ಒಂದೊಂದು ಏಟಿಗೂ ಸರಕೋ ಅಪ್ಪಾ ಅಂತೀನಿ. ನೀ ಕುಂತೀ ಅನ್ನೋದು ಗೊತ್ತಿದ್ದಕ್ಕ ಗೂಟ ಪೂರ್ತಿ ಇಳಸಾಕ ಕೈ ಬರಂಗಿಲ್ಲ, ಮುಕ್ಕಾಲು ಹೊಡದು ಬಿಡ್ತೀನಿ. ಹೋದ ವಾರ ಗಾಳಿಗೆ ಎರಡು ಡೇರೆ ಹಾರಿ ನೀರಾಗ ಬಿದ್ದವು. ಇಷ್ಟು ವರ್ಷ ಕೆಲಸ ಮಾಡಿದವ ನೀ, ಗೂಟ ಹೊಡ್ಯಾಕ ಬರಂಗಿಲ್ಲೇನು ಅಂತ ಮ್ಯಾನೇಜರ್ ಕೇಳಿದ. ಬರಂಗಿಲ್ರಿ ಅಂದೆ. ನೀ ಇದ್ದಿದ್ರ ಅವನ ಮುಂದೇ ನನ್ನ ಕಪಾಳಕ್ಕ ಕೊಡತಿದ್ದಿ.

ಈ ಬ್ಯಾಸಿಗ್ಯಾಗ ನೀರು ಬಾಳ ಕೆಳಗ ಹೋತು. ನಾ ಒಬ್ಬನೇ ಎರಿಗೆ ಇಳದೆ, ಮೊಣಕಾಲುಮಟ ಹೂತ್ಕೋಂತ. ಹೂಳು ತುಂಬಿ ಬದು ಯಾವುದು ಹೊಲ ಯಾವುದು ತಿಳೀವಲ್ದು. ಬಾವಿ ಕಟ್ಟಿಯಿಂದ ಹೆಜ್ಜಿ ಹಾಕಿ ಅಂದಾಜಿಗೆ ಒಂದು ಕಡೆ ನಿಂತು ಅವ್ವಾ ಅಂತ ಕರದೆ. ಅಪ್ಪ ಬರಂಗಿಲ್ಲವ್ವಾ, ನಾ ಅವನ ಮಾತು ತಪ್ಪು ಕೇಳಿಸ್ಕೊಂಡೆ, ಅವ ನಿನ್ನ ಹತ್ರ ಬರಾಕೇ ಕಾಯ್ದಿದ್ದ ಅಂತ ಹೇಳಿದೆ. ಒದರಿ ಹೇಳಿದೆ. ಆಕಿಗೆ ಕೇಳಿಸ್ತೋ ಇಲ್ಲೋ. ಆಕಿ ಮ್ಯಾಲ ಎಷ್ಟು ವರ್ಷದ ನೀರು, ಎಷ್ಟು ವರ್ಷದ ಹೂಳು. ಅಲ್ಲಿಂದ ತಲಿ ಎತ್ತಿದ್ರ ದಿಬ್ಬದ ಮ್ಯಾಲಿನ ಆರು ಡೇರೆನೂ ಕಾಣತಿದ್ದವು, ಕೂಗಿದ್ರ ಕೇಳಿಸೋವಷ್ಟು ಹತ್ರ. ನನಗ ಅಳು ಬಂತು ಅಪ್ಪಾ, ಕೆಸರಾಗೇ ಕುಂತು ಅತ್ತೆ.

ಈಗ ನಿನಗ ಗೊತ್ತಿಲ್ಲದ ಸುದ್ದಿ ಒಂದು ಹೇಳಿ ಮುಗಸ್ತೀನಿ. ನಾ ಒಂದು ಕಾಗದ ಬರದೀನಿ. ಒಂದು ಮಗ್ಗಲು ಕನ್ನಡ, ಒಂದು ಮಗ್ಗಲು ತೆಲುಗು, ಯಾಕಂದ್ರ ಐಜ ಊರಿಗೆ ಮದುವಿ ಮಾಡಿ ಕೊಟ್ಟ ನಿನ್ನ ಮೊಮ್ಮಗಳಿಗೆ ಕನ್ನಡ ಓದಾಕ ಬರಂಗಿಲ್ಲ. ಕನ್ನಡದಾಗ ಎರಿ ಅಂತ ಬರದು, ಬಾಜೂಕ ಕರಿ ಮಣ್ಣು ಅಂತ ಬರದೀನಿ. ತೆಲುಗುದಾಗ ನಲ್ಲರೇಗಡಿ ಅಂತ ಬರದೀನಿ, ಎಂಥಾ ಕಿವುಡಗೂ ತಪ್ಪಾಗಬಾರದು. ನಾ ಹೋದ ಮ್ಯಾಲ ನನ್ನನ್ನ ಅವ್ವನ ಬಾಜೂಕ ಇಡ್ರಿ ಅಂತ. ನೀಲಮ್ಮ ಓದಿ ಮೊದ್ಲ ನಕ್ಕಳು, ನಿಮ್ಮ ಮನಿ ಮಂದಿ ಎಲ್ಲಾ ನೀರಾಗ ಕುಂತ್ರ ನಾ ಈಸು ಕಲೀಬೇಕಾಗತೈತಿ ಅಂತ. ಆಮ್ಯಾಲ ನಗು ನಿಲ್ಲಿಸಿ ಕೇಳಿದ್ಲು.

"ನೀರು ತುಂಬಿದ ಟೈಮಿಗೆ ನೀ ಹೋದ್ರ?"

ನಾ ಅದನ್ನ ವಿಚಾರ ಮಾಡಿರಲಿಲ್ಲ. ನಿನ್ನಂಗ ತಡಕೊಂಡು ಕುಂದ್ರೋ ಗಟ್ಟಿ ಜೀವ ನಂದಲ್ಲ. ತಿರುಗಿ ಪೆನ್ನು ತಕ್ಕೊಂಡು, ಕನ್ನಡದಾಗ ಒಂದು ಸಾಲು, ತೆಲುಗುದಾಗ ಒಂದು ಸಾಲು ಸೇರಿಸಿದೆ. ಬ್ಯಾಸಿಗ್ಯಾಗ ಆದ್ರ ಎರಿಯಾಗ ಅವ್ವನ ಹತ್ರ, ಮಳಿಗಾಲದಾಗ ಆದ್ರ ಮಸಾರಿಯಾಗ ಅಪ್ಪನ ಹತ್ರ, ದಿಬ್ಬದ ಮ್ಯಾಲ ಯಾವ ಮೂಲಿಯಾದ್ರೂ ಸರಿ ಅಂತ. ನಿಮ್ಮಿಬ್ಬರಾಗ ಒಬ್ಬರ ಹತ್ರ ನಾ ಬಂದೇ ಬರ್ತೀನಿ, ಬಾಜೂಕ ಕುಂತು, ತಪ್ಪು ನಂದು ಅಂತ ಹೇಳ್ತೀನಿ. ಇನ್ನೊಬ್ಬರಿಗೆ ಹೇಳಾಕ ಯಾರೂ ಇರಂಗಿಲ್ಲ ಅಪ್ಪಾ.

ನಿನ್ನ
ಸಂಗ್ಯಾ